ಮನೆ ಪಕ್ಕದ ದೊಡ್ಡ ಮರ ತೆಗೆಸುವ ಮುಂಚೆ ಏನು ಮಾಡಬೇಕು?

ಬೆಂಗಳೂರಲ್ಲಿ ನಿಮ್ಮ ಕಾಂಪೌಂಡಿನೊಳಗೆ, ಮನೆಯಿಂದ ಹತ್ತಡಿ ದೂರದಲ್ಲಿ ನಲವತ್ತು ವರ್ಷದ ಮಳೆಮರ ಇದೆ. ಗೋಡೆ ಬಿರುಕು ಬಿಟ್ಟಿದೆ. ನಮ್ಮದೇ ಜಾಗದ ಮರಕ್ಕೂ ಅನುಮತಿ ಬೇಕಾ, ಹೇಗೆ ತೆಗೆಸೋದು ಎಂದು ಕೇಳಿದ್ದೀರಿ.

ಅನುಮತಿ ಬೇಕೇ ಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಖಾಸಗಿ ಜಾಗದ ಮರಕ್ಕೂ ಅನ್ವಯಿಸುತ್ತದೆ. ತೆಂಗು, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವಕ್ಕೆ ವಿನಾಯಿತಿ ಇದೆ, ಮಳೆಮರಕ್ಕೆ ಇಲ್ಲ. ಬುಡಕ್ಕೆ ಆಸಿಡ್ ಹಾಕಿ ಒಣಗಿಸಿಬಿಡಿ ಎನ್ನುವವರು ಸಿಗುತ್ತಾರೆ. ದಯವಿಟ್ಟು ಅವರ ಮಾತು ಕೇಳಬೇಡಿ. ಅದೂ ಅಪರಾಧವೇ. ಒಣಗಿದ ಮರ ಹತ್ತಲು ಕೆಲಸದವರೂ ಹೆದರುತ್ತಾರೆ.

ಆದರೆ ಅರ್ಜಿಗಿಂತ ಮುಂಚೆ ಆ ಬಿರುಕು ನೋಡಿ. ಮರದ ಹತ್ತಿರ ಇದೆ ಅಂತ ಅದು ಬೇರಿನಿಂದಲೇ ಬಂತು ಅನ್ನುವಂತಿಲ್ಲ. ಬಿರುಕಿನ ಮೇಲೆ ಅಡ್ಡಲಾಗಿ ತೆಳು ಗಾಜಿನ ತುಂಡೊಂದನ್ನು ಸಿಮೆಂಟಲ್ಲಿ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಗೋಡೆ ಇನ್ನೂ ಸರಿಯುತ್ತಿದ್ದರೆ ಗಾಜು ಒಡೆಯುತ್ತದೆ. ಹತ್ತಿರದ ನೀರಿನ ಪೈಪು, ಚೇಂಬರ್ ಸೋರುತ್ತಿದೆಯಾ ಅಂತಲೂ ನೋಡಿಸಿ. ಎಷ್ಟೋ ಸಲ ಸೋರಿಕೆ ಮೊದಲು, ಬೇರು ಆ ನೀರಿಗೆ ಆಮೇಲೆ ಬಂದಿರುತ್ತದೆ.

ಬಿರುಕಿನ ಜೊತೆ ಮರದ ಬುಡವನ್ನೂ ನೋಡಬೇಕು, ಹೀಗೆ ಹೇಳಲು ಕಾರಣವಿದೆ. ನಮ್ಮ ತಾಯಿ ಮನೆಯಲ್ಲೂ ಮಳೆಮರ ಇತ್ತು, ಗಟ್ಟಿಮುಟ್ಟಾಗಿಯೇ ಇತ್ತು. ಚರಂಡಿ ಕೆಲಸಕ್ಕೆ ಬಂದವರು ಜೆಸಿಬಿಯಲ್ಲಿ ಒಂದು ಬದಿಯ ಬೇರನ್ನೆಲ್ಲ ಕಿತ್ತರು. ಮೂರನೇ ವರ್ಷ ಮರ ಮನೆ ಕಡೆ ವಾಲಿತು. ಹಿಂಬದಿಯ ಮಣ್ಣಿನಲ್ಲಿ ಬೆರಳು ತೂರುವಷ್ಟು ಸೀಳು. ಗಾಳಿ ಬೀಸಿದಾಗ ಅದು ಬಾಯಿ ಬಿಟ್ಟು ಮುಚ್ಚುತ್ತಿತ್ತು. ಅಮ್ಮ ಅದನ್ನು ನೋಡಿ ಸುಮ್ಮನೆ ಒಳಗೆ ಹೋದರು. ನಾವು ಅದರ ವಿಡಿಯೋ ಮಾಡಿ ಅರ್ಜಿ ಜೊತೆ ಕೊಟ್ಟೆವು.

ನೀವೂ ಬುಡ ನೋಡಿ. ಮಣ್ಣು ಮೇಲೆದ್ದಿದೆಯಾ? ಬುಡದಲ್ಲಿ ಗಟ್ಟಿ ಅಣಬೆ ಬಂದಿದೆಯಾ? ಸುತ್ತಿಗೆಯಲ್ಲಿ ತಟ್ಟಿದರೆ ಟೊಳ್ಳು ಸದ್ದು ಬರುತ್ತಾ? ಇದ್ಯಾವುದೂ ಇಲ್ಲದಿದ್ದರೆ ಮನೆ ಮೇಲಿನ ಒಂದೆರಡು ಕೊಂಬೆ ತೆಗೆಸಿದರೆ ಸಾಕಾಗಬಹುದು. ಅದಕ್ಕೂ ಅನುಮತಿ ಪಡೆಯಿರಿ. ಒಂದೇ ಕಡೆ ಬೋಳಿಸಲು ಮಾತ್ರ ಬಿಡಬೇಡಿ, ಮರದ ಭಾರವೆಲ್ಲ ಇನ್ನೊಂದು ಕಡೆಗೆ ಹೋಗುತ್ತದೆ.

ತೆಗೆಯಲೇಬೇಕು ಎಂದಾದರೆ ಪಾಲಿಕೆಯ ಅರಣ್ಯ ವಿಭಾಗದ ವೃಕ್ಷಾಧಿಕಾರಿಗೆ ಅರ್ಜಿ ಕೊಡಿ. ಸತ್ತ ಮರ, ರೋಗ ಬಂದ ಮರ, ಜೀವಕ್ಕೋ ಆಸ್ತಿಗೋ ಅಪಾಯವಾಗಿರುವ ಮರ, ಇವೆಲ್ಲ ಕಾಯ್ದೆ ಒಪ್ಪುವ ಕಾರಣಗಳು. ಎಲೆ ಉದುರಿ ಕಸವಾಗುತ್ತದೆ ಎಂದು ಬರೆದರೆ ನಡೆಯುವುದಿಲ್ಲ. ಫೋಟೋ, ಜಾಗದ ದಾಖಲೆ ಜೊತೆಗಿರಲಿ. ಅವರು ಬಂದು ನೋಡಿ ತೀರ್ಮಾನಿಸುತ್ತಾರೆ. ನಮಗೆ ಒಂದೂವರೆ ತಿಂಗಳು ಹಿಡಿಯಿತು. ಬೆಂಗಳೂರಲ್ಲಿ ಏಪ್ರಿಲ್-ಮೇ ತಿಂಗಳ ಗಾಳಿಮಳೆಗೇ ಮರಗಳು ಜಾಸ್ತಿ ಬೀಳುತ್ತವೆ, ಜೂನ್‌ವರೆಗೆ ಕಾಯಬೇಡಿ.

ಕಡಿಯುವ ದಿನಕ್ಕೆ ಮುಂಚೆ ಮೇಲೆ ಗೂಡು, ಹೆಜ್ಜೇನು ಇದೆಯಾ ನೋಡಿ. ಮೊಟ್ಟೆ ಮರಿ ಇರುವ ಗೂಡಿದ್ದರೆ ಅಧಿಕಾರಿಗೆ ತಿಳಿಸಿ, ಮರಿ ಹಾರುವವರೆಗೆ ಕಾಯಿರಿ. ಹಕ್ಕಿ ಗೂಡಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಇದೆ. ಗರಗಸದ ಸದ್ದಿಗೆ ಹೆಜ್ಜೇನು ಎದ್ದರೆ ಮೇಲಿರುವವನಿಗೆ ತಪ್ಪಿಸಿಕೊಳ್ಳಲು ದಾರಿಯೇ ಇರುವುದಿಲ್ಲ. ಹತ್ತಿರ ಕರೆಂಟ್ ಲೈನ್ ಇದ್ದರೆ ಬೆಸ್ಕಾಂಗೆ ಹೇಳಿ ಲೈನ್ ಆಫ್ ಮಾಡಿಸಿ. ಮರವನ್ನು ಬುಡದಿಂದ ಒಮ್ಮೆಗೇ ಕೆಡವಬಾರದು. ತುದಿಯಿಂದ ತುಂಡು ತುಂಡಾಗಿ ಹಗ್ಗ ಕಟ್ಟಿ ಇಳಿಸಬೇಕು. ಸೌದೆ ಯಾರಿಗೆ, ಬೊಡ್ಡೆ ಯಾರು ತೆಗೆಯಬೇಕು, ಹೆಂಚೋ ಶೀಟೋ ಒಡೆದರೆ ಯಾರ ಖರ್ಚು ಎಂಬುದನ್ನು ಮೊದಲೇ ಬರೆಸಿಕೊಳ್ಳಿ. ದಿಮ್ಮಿ ಸಾಗಿಸಲು ಪರವಾನಗಿ ಬೇಕಾ ಎಂದು ಅದೇ ಕಚೇರಿಯಲ್ಲಿ ಕೇಳಿ.

ಬದಲಿಗೆ ಗಿಡ ನೆಡಿ ಎಂಬ ಷರತ್ತು ಹಾಕಬಹುದು. ನಾವು ಕಾಂಪೌಂಡಿನ ಮೂಲೆಯಲ್ಲಿ ಹೊಂಗೆ ನೆಟ್ಟೆವು. ಈಗ ಅಮ್ಮನ ಎತ್ತರಕ್ಕೆ ಬಂದಿದೆ, ಬೆಳಗ್ಗೆ ಅವರೇ ನೀರು ಹಾಕುತ್ತಾರೆ.

ಬುಡದ ನಾಲ್ಕೂ ಕಡೆಯ ಫೋಟೋ ಹಾಕಿ, ನೋಡಿ ಹೇಳುತ್ತೇನೆ.