ಟೆಕ್ನಾಲಜಿ ಬಗ್ಗೆ ಬರೆಯುವವರನ್ನು ಇಂಜಿನಿಯರ್‌ಗಳು ಗೌರವಿಸಬೇಕಾ?

ಖಂಡಿತ ಗೌರವಿಸಬೇಕು, ಅವರು ಸ್ವಂತವಾಗಿ ಕೆದಕಿ, ಪರೀಕ್ಷಿಸಿ ಬರೆಯುವವರಾಗಿದ್ದರೆ. ಕಂಪನಿ ಕಳಿಸಿದ ಪ್ರಕಟಣೆಯನ್ನೇ ಸುಮ್ನೆ ತಿರುಗಿಸಿ ಹಾಕುವವರಿಗೆ ಆ ಗೌರವ ಬೇಕಿಲ್ಲ. ಕೋಡ್ ಬರೆಯಲು ಬರುತ್ತಾ ಇಲ್ವಾ ಅನ್ನುವುದು ಇಲ್ಲಿ ಮುಖ್ಯವೇ ಅಲ್ಲ.

ಇಂಜಿನಿಯರ್ ತನ್ನ ಪಾಲಿನ ಕೆಲಸವನ್ನು ಆಳವಾಗಿ ನೋಡುತ್ತಾರೆ. ಒಳ್ಳೆಯ ವರದಿಗಾರರು ಹತ್ತು ಕಡೆ ವಿಚಾರಿಸಿ, ಯಾರೂ ಒಟ್ಟಿಗೆ ನೋಡದ ಸಂಗತಿಗಳನ್ನು ಜೋಡಿಸುತ್ತಾರೆ. ಅದು ಒಳಗಿದ್ದವರಿಗೆ ಸುಲಭವಾಗಿ ಸಿಗುವ ನೋಟವಲ್ಲ.

ಅಮೆರಿಕದ ಬ್ರಯಾನ್ ಕ್ರೆಬ್ಸ್ ಅವರನ್ನೇ ನೋಡಿ. ಅವರು ಕಾಲೇಜಿನಲ್ಲಿ ಕಂಪ್ಯೂಟರ್ ಓದಿದವರಲ್ಲ, ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿ ವರದಿಗಾರರಾಗಿದ್ದವರು. 2013ರ ಡಿಸೆಂಬರ್‌ನಲ್ಲಿ ಟಾರ್ಗೆಟ್ ಎಂಬ ದೊಡ್ಡ ಅಂಗಡಿ ಸರಣಿಯಿಂದ ಗ್ರಾಹಕರ ಕಾರ್ಡ್ ಮಾಹಿತಿ ಕಳುವಾಗಿದೆ ಎಂದು ಮೊದಲು ಬಯಲು ಮಾಡಿದ್ದು ಅವರೇ. ಕದ್ದ ಕಾರ್ಡ್ ವಿವರಗಳು ಅಂತರ್ಜಾಲದ ಕಳ್ಳಮಾರುಕಟ್ಟೆಯಲ್ಲಿ ಮಾರಾಟಕ್ಕೆ ಬಂದಿದ್ದವು. ಬ್ಯಾಂಕಿನವರನ್ನು ವಿಚಾರಿಸಿದಾಗ ಆ ಕಾರ್ಡ್‌ಗಳೆಲ್ಲ ಟಾರ್ಗೆಟ್ ಅಂಗಡಿಗಳಲ್ಲಿ ಬಳಕೆಯಾಗಿದ್ದವು ಎಂಬ ಕೊಂಡಿ ಸಿಕ್ಕಿತು. ವರದಿಯ ಮರುದಿನ ಕಂಪನಿ ಒಪ್ಪಿಕೊಂಡಿತು. ಸುಮಾರು 4 ಕೋಟಿ ಕಾರ್ಡ್‌ಗಳು! ಇದರಲ್ಲಿ ಕೋಡ್‌ಗಿಂತ ಜಾಸ್ತಿ ಕೆಲಸ ಮಾಡಿದ್ದು ತಾಳ್ಮೆ ಮತ್ತು ಜನರ ನಂಬಿಕೆ, ಅಲ್ವಾ?

ಇಂಥ ಬರಹದಲ್ಲಿ ತಾಂತ್ರಿಕ ತಪ್ಪು ಕಂಡರೆ ಬಿಡಬೇಡಿ, ಆಧಾರ ಕೊಟ್ಟು ನೇರವಾಗಿ ತಿಳಿಸಿ. ಒಂದು ಪದ ತಪ್ಪಿತೆಂದು ಇಡೀ ವರದಿಯನ್ನೇ ತಳ್ಳಿಹಾಕುವುದು ಮಾತ್ರ ಸರಿಯಲ್ಲ. ಇಂಥ ವರದಿಗೆ ಎಷ್ಟು ಬೆಲೆಯಿದೆ ಎಂಬುದಕ್ಕೆ ಕ್ರೆಬ್ಸ್ ಅವರದೇ ಇನ್ನೊಂದು ಉದಾಹರಣೆ ನೋಡಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶದಿಂದ ಕ್ರೆಬ್ಸ್ ಅವರ ಜಾಲತಾಣದ ಮೇಲೇ ದಾಳಿ ನಡೆಯಿತು. ಆ ಕುತಂತ್ರಾಂಶವನ್ನು ಯಾರು ಬರೆದಿರಬಹುದು ಎಂದು ಹುಡುಕಿ 2017ರ ಜನವರಿಯಲ್ಲಿ ಅವರೇ ಪ್ರಕಟಿಸಿದರು. ಅದೇ ವರ್ಷ ಅದರ ಸೃಷ್ಟಿಕರ್ತರು ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡರು.