ಕಳೆದುಹೋದ ವರ್ಷಗಳು ಯಾರವು?

ಪತ್ರ: ‘ದಿ ಕ್ರಿಮೇಟರ್’ ನೋಡಿ ಚೆಕ್ ನಟ ರುಡಾಲ್ಫ್ ಹ್ರುಷಿನ್ಸ್ಕಿಯವರ ಅಭಿನಯಕ್ಕೆ ಮಾರುಹೋದೆ. ಆದರೆ 1968ರಲ್ಲಿ ಯಾವುದೋ ರಾಜಕೀಯ ಹೇಳಿಕೆಗೆ ಸಹಿ ಹಾಕಿ ಎಪ್ಪತ್ತರ ದಶಕದ ಆರಂಭದ ವರ್ಷಗಳನ್ನು ಕಳೆದುಕೊಂಡರಂತೆ. ಸಹಿ ಹಿಂತೆಗೆದುಕೊಂಡಿದ್ದರೆ ಇನ್ನೆಷ್ಟು ಚಿತ್ರಗಳು ಸಿಗುತ್ತಿದ್ದವು! ಕಂಪನಿ ನಾಟಕದಲ್ಲಿದ್ದ ನನ್ನ ತಂದೆ, ‘ಬಣ್ಣ ಹಚ್ಚಿದವನಿಗೆ ಊರ ಉಸಾಬರಿ ಬೇಡ’ ಎನ್ನುತ್ತಿದ್ದರು.
— ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತದೆ. ಆ ಚಿತ್ರದಲ್ಲಿ ಅವರು ಮಾಡಿದ ಚಿತಾಗಾರದ ನೌಕರ ಹೆಣದ ತಲೆ ಬಾಚಿ, ಅದೇ ಬಾಚಣಿಗೆಯಿಂದ ತನ್ನ ತಲೆಯನ್ನೂ ಬಾಚಿಕೊಳ್ಳುತ್ತಾನಲ್ಲ, ಆ ದೃಶ್ಯವನ್ನು ಫಿಲ್ಮ್ ಸೊಸೈಟಿಯೊಂದರಲ್ಲಿ ನೋಡಿದ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಜೋಗುಳದಂಥ ದನಿಯಲ್ಲಿ ಆತ ಸಾವಿನ ಮಾತಾಡುತ್ತಾನೆ. ಅಂಥವರಿಗೆ ಕ್ಯಾಮೆರಾ ತಪ್ಪಿದ್ದು ನಷ್ಟವೇ. ಅಷ್ಟನ್ನು ಒಪ್ಪಿದೆ.

ಆದರೆ ‘ಯಾವುದೋ ಹೇಳಿಕೆ’ ಎಂದು ಬರೆಯಬೇಡಿ. ಅದು ಲೇಖಕ ಲುಡ್ವಿಕ್ ವಾಟ್ಸುಲಿಕ್ ಬರೆದ ‘ಎರಡು ಸಾವಿರ ಪದಗಳು’, ಕಮ್ಯುನಿಸ್ಟ್ ಚೆಕೊಸ್ಲೊವಾಕಿಯಾದಲ್ಲಿ ಸುಧಾರಣೆ ಮುಂದುವರಿಯಲಿ ಎಂದು ಕೇಳಿದ ಪ್ರಣಾಳಿಕೆ. ಜೂನ್ 27ರಂದು ಅಚ್ಚಾಯಿತು, ಆಗಸ್ಟ್ ಮುಗಿಯುವ ಮೊದಲೇ ಪ್ರಾಗ್‌ಗೆ ಸೋವಿಯತ್ ಟ್ಯಾಂಕುಗಳು ಬಂದವು. ಆಮೇಲೆ ಸಹಿ ಮಾಡಿದವರ ಮೇಲೆ ‘ತಪ್ಪಾಯಿತು’ ಎನ್ನುವಂತೆ ಒತ್ತಡ ಬಂತು. ಹ್ರುಷಿನ್ಸ್ಕಿ ಹಾಗೆನ್ನಲಿಲ್ಲ. ಇನ್ನೊಬ್ಬರು ಬರೆದ ಮಾತಿಗೆ ಜೀವ ಕೊಡುವುದೇ ಕಸುಬಾದವನು ತನ್ನ ಒಂದು ಮಾತನ್ನು ಉಳಿಸಿಕೊಂಡರೆ ಅದು ಊರ ಉಸಾಬರಿ ಹೇಗಾಗುತ್ತದೆ?

ಚಿತ್ರಗಳ ಲೆಕ್ಕಕ್ಕೆ ಬರುತ್ತೇನೆ. ನಿರ್ದೇಶಕ ಯಿರಿ ಮೆನ್ಜೆಲ್ ಅವರ ‘ಲಾರ್ಕ್ಸ್ ಆನ್ ಎ ಸ್ಟ್ರಿಂಗ್’ ಚಿತ್ರದಲ್ಲೂ ಹ್ರುಷಿನ್ಸ್ಕಿ ನಟಿಸಿದ್ದರು. 1969ರಲ್ಲಿ ತಯಾರಾದ ಅದನ್ನು ಸರ್ಕಾರ ಬೀಗ ಹಾಕಿ ಇಟ್ಟಿತು. 1990ರಲ್ಲಿ ಹೊರಬಂದಾಗ ಬರ್ಲಿನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಗೋಲ್ಡನ್ ಬೇರ್ ಪಡೆಯಿತು. ರೀಲಿನಲ್ಲಿದ್ದ ಮಾತ್ರಕ್ಕೆ ಉಳಿಯಿತು ಎಂದುಕೊಳ್ಳಬೇಡಿ.

‘ವರ್ಷಗಳನ್ನು ಕಳೆದುಕೊಂಡರು’ ಎಂಬ ಮಾತು ಮಾತ್ರ ನನಗೆ ನೋವುಂಟುಮಾಡಿತು. ಊರೂರು ಅಲೆಯುವ ನಾಟಕದವರ ಮನೆಯಲ್ಲಿ 1920ರಲ್ಲಿ ಹುಟ್ಟಿದವರು ಅವರು. ಸಿನಿಮಾ, ಟಿವಿ ಎರಡೂ ಬಾಗಿಲು ಮುಚ್ಚಿದಾಗಲೂ ಪ್ರಾಗ್‌ನ ನ್ಯಾಷನಲ್ ಥಿಯೇಟರ್‌ನಲ್ಲಿ ಬಣ್ಣ ಹಚ್ಚುತ್ತಲೇ ಇದ್ದರು. 1960ರಿಂದ ಮೂವತ್ತು ವರ್ಷ ಅದೇ ಅವರ ರಂಗ. ಟಿಕೆಟ್ ಕೊಂಡು ಎದುರಿಗೆ ಕುಳಿತವರ ಪಾಲಿಗೆ ಆ ವರ್ಷಗಳಲ್ಲಿ ಏನೂ ಕಳೆದುಹೋಗಿರಲಿಲ್ಲ. ‘ದಿ ಕ್ರಿಮೇಟರ್’ನಲ್ಲಿ ಅವರ ಹೆಂಡತಿಯ ಪಾತ್ರ ಮಾಡಿದ್ದ ವ್ಲಾಸ್ತಾ ಖ್ರಮೊಸ್ತೋವಾ ಅವರಿಗೆ ರಂಗಮಂದಿರವೂ ಇಲ್ಲವಾಯಿತು. ಆಕೆ ಎಪ್ಪತ್ತರ ದಶಕದಲ್ಲಿ ತಮ್ಮ ಮನೆಯ ಕೋಣೆಯಲ್ಲೇ ನಾಟಕ ಆಡಿದರು, ‘ಮ್ಯಾಕ್‌ಬೆತ್’ ಕೂಡ! ಕೆಲವೇ ಜನ ನೋಡಿದರು. ಅದನ್ನೂ ಖಾಲಿ ವರ್ಷ ಎನ್ನುವಿರಾ?

ಈ ರೂಢಿ ನಿಮ್ಮೊಬ್ಬರದಲ್ಲ. ನಟನೊಬ್ಬ ತೀರಿಕೊಂಡರೆ ಪತ್ರಿಕೆಗಳು ಸಿನಿಮಾಗಳ ಉದ್ದ ಪಟ್ಟಿ ಕೊಟ್ಟು, ಕೊನೆಗೆ ‘ರಂಗಭೂಮಿಯಲ್ಲೂ ಸಕ್ರಿಯರಾಗಿದ್ದರು’ ಎಂದು ಅರ್ಧ ಸಾಲು ಸೇರಿಸುತ್ತವೆ. ನಲವತ್ತು ವರ್ಷದ ದುಡಿಮೆಗೆ ಅರ್ಧ ಸಾಲು! ಯಾವ ಪಾತ್ರ, ಯಾವ ಊರು, ಜೊತೆಗಿದ್ದವರು ಯಾರು ಎಂದು ಕೇಳಲು ಹೋದರೆ ಹೇಳುವವರು ಅಷ್ಟರಲ್ಲಿ ಇರುವುದಿಲ್ಲ.

ನೀವೂ ತಂದೆಯವರ ಒಂದು ಮಾತನ್ನು ಬರೆದಿರಿ. ಅವರು ಯಾವ ಪಾತ್ರ ಮಾಡುತ್ತಿದ್ದರು ಎಂಬುದನ್ನು ಬರೆಯಲಿಲ್ಲ. ದಯವಿಟ್ಟು ಬರೆದು ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಕಾದಿರಿಸಿದ್ದೇನೆ.