ಬಿಲ್ಡರ್ ಕೊಡುಗೆ, ನಮ್ಮ ಸಹಿ

ಪ್ರಶ್ನೆ: ಮಂಗಳೂರು ಕದ್ರಿಯ ನಮ್ಮ ಓಣಿಯಲ್ಲಿ ಬಹುಮಹಡಿ ಕಟ್ಟಡ ಬರಲಿದೆ. ಭಜನಾ ಮಂದಿರಕ್ಕೆ ಶೀಟ್ ಹಾಕಿಸುತ್ತೇವೆಂದು ಬಿಲ್ಡರ್ ಕಡೆಯವರು ‘ಆಕ್ಷೇಪಣೆ ಇಲ್ಲ’ ಪತ್ರಕ್ಕೆ ಸಹಿ ಕೇಳುತ್ತಿದ್ದಾರೆ. ಹಾಕಬಹುದೇ?

ಉತ್ತರ: ನಕ್ಷೆ ನೋಡದೆ ಬೇಡ. ಬಿಲ್ಡರ್ ಕರೆಯುವ ಚಹಾಕೂಟದ ಹಾಜರಿ ಪಟ್ಟಿಯೂ ಆಮೇಲೆ ಒಪ್ಪಿಗೆಪತ್ರವಾಗಿಬಿಡಬಹುದು; ಹಾಳೆಯ ತಲೆಬರಹ ಓದಿ. ಕೇಂದ್ರ ಸರ್ಕಾರದ 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ 20,000 ಚದರ ಮೀಟರ್ ಮೀರಿದ ಕಟ್ಟಡಕ್ಕೆ ಪರಿಸರ ಅನುಮತಿ ಬೇಕು, ಆದರೆ ಸಾರ್ವಜನಿಕ ಅಹವಾಲು ಸಭೆ ಕಡ್ಡಾಯವಲ್ಲ. ಹಾಗಾಗಿ ಊರಿನ ಸಹಿ ಹೆಚ್ಚಾಗಿ ನಾಳೆಯ ದೂರಿನ ಬಾಯಿ ಮುಚ್ಚಲು.

ಪಾಲಿಕೆಗೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ ಅನುಮೋದಿತ ನಕ್ಷೆ ಕೇಳಿ. ಉತ್ತರಕ್ಕೆ 30 ದಿನ ಗಡುವು. ತೋಡು (ಮಳೆನೀರು ಹರಿಯುವ ಕಾಲುವೆ) ಎಲ್ಲಿಗೆ ತಿರುಗುತ್ತದೆ, ಬೇಸ್‌ಮೆಂಟ್ ಎಷ್ಟು ಆಳ, ಇವೆರಡೇ ಮುಖ್ಯ: ಗುಡ್ಡ ಕಡಿದರೆ ಮಳೆಗಾಲದಲ್ಲಿ ಜರಿಯುವುದು ಪಕ್ಕದ ಕಾಂಪೌಂಡ್. ಅಗೆತಕ್ಕೆ ಮೊದಲೇ ನಿಮ್ಮ ಗೋಡೆ, ಬಾವಿಗಳ ದಿನಾಂಕವಿರುವ ಫೋಟೊ ತೆಗೆದಿಡಿ. ಶೀಟ್ ಬೇಕಿದ್ದರೆ ರಶೀದಿ ಕೊಟ್ಟು ಪಡೆಯಿರಿ, ಸಹಿಗೆ ಬದಲಾಗಿ ಅಲ್ಲ.